ಮಲಪ್ರಭೆಯ ದೋಣಿಗೊಂದು ಸೆಲ್ಫ್

ಬೆಳಗಾವಿ ಜಿಲ್ಲೆಗೆ ಸಮುದ್ರವಿಲ್ಲ. ಶಾಲೆಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ನಾಲ್ಕನೇ ಇಯತ್ತೆಯ ಮಕ್ಕಳಿಗೆ ನಕಾಶೆಯ ಮೇಲೆ ಕೋಲಿಟ್ಟು ಇದನ್ನೇ ಹೇಳಿಕೊಟ್ಟಿದ್ದೇನೆ. ಹೀಗಿದ್ದೂ ನನ್ನ ಮೈದುನ ಗೋವಾಕ್ಕೆ ಹೋಗಿ ಒಂದು ಹಳೆಯ ದೋಣಿ ಕೊಂಡು ಬಂದ.

ಅವನ ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ಖಾನಾಪುರದಲ್ಲಿ ಅವನ ಹೊಲ ಮಲಪ್ರಭೆಯ ದಂಡೆಗೇ ಇದೆ. ಸ್ವಲ್ಪ ಕೆಳಗೆ ನದಿಗೆ ಅಡ್ಡಲಾಗಿ ಬಾಂದಾರ ಕಟ್ಟಿರುವುದರಿಂದ ಮಳೆಗಾಲ ಮುಗಿದ ಮೇಲೂ ಅಲ್ಲಿ ನೀರು ನಿಂತಿರುತ್ತದೆ. ಆಚೆ ದಂಡೆಗೆ ಬಿದಿರು ಇದೆ, ಬೆಳಿಗ್ಗೆ ಮಂಜು ಬೀಳುತ್ತದೆ. ಈಗಿನ ಮದುವೆಗಳಲ್ಲಿ ಅಕ್ಕಿಕಾಳು ಬೀಳುವುದಕ್ಕೆ ಮೊದಲೇ ಫೋಟೋ ಬೀಳಬೇಕು. ಹುಡುಗ ಹುಡುಗಿ ದೋಣಿಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾ ಹೋಗುವುದನ್ನು ಮೇಲೆ ಹಾರುವ ಕ್ಯಾಮೆರಾದಿಂದ ತೆಗೆಯುತ್ತಾರಂತೆ. ಬೆಳಗಾವಿಯ ಫೋಟೋದವರು ಇದಕ್ಕಾಗಿ ಗೋವಾದ ತನಕ ಹೋಗುತ್ತಿದ್ದರು.

"ಇಲ್ಲೇ ದೋಣಿ ಇಟ್ಟರ ಜನ ಯಾಕ ಬರೂದಿಲ್ರಿ ವೈನಿ?" ಎಂದು ಮೈದುನ ನನ್ನನ್ನು ಕೇಳಿದ.

ನನ್ನ ಮದುವೆಯಲ್ಲಿ ನಾವಿಬ್ಬರೂ ಸೇರಿ ಇರುವುದು ಒಂದೇ ಫೋಟೋ. ಅದರಲ್ಲೂ ನಮ್ಮವರು ಊಟದ ಪಂಕ್ತಿಯ ಕಡೆ ನೋಡುತ್ತಿದ್ದಾರೆ. ಜನ ಬರುವುದಿಲ್ಲ ಎನ್ನಲು ನಾನು ಯಾರು?

ದೋಣಿ ಲಾರಿಯ ಮೇಲೆ ಘಾಟ್ ಹತ್ತಿ ಬಂತು. ಮಳೆಗೇ ಹೆಸರಾದ ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತಲೂ ನೆರೆದರಂತೆ. ಮಳೆಯ ವಿಷಯದಲ್ಲಿ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಆದರೂ ಒಬ್ಬ ಮುದುಕ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿ, "ಈ ವರ್ಷ ಅಷ್ಟ ಮಳಿ ಐತೆಂತ ಹೇಳ್ಯಾರೇನು?" ಎಂದು ಗಂಭೀರವಾಗಿ ಕೇಳಿದನಂತೆ.

ಇನ್ನು ನಮ್ಮವರ ವಿಷಯ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಮೆಕ್ಯಾನಿಕ್ ಆಗಿಯೇ ನಿವೃತ್ತರಾದರು. ನಡುವೆ ಮೇಲಿನ ಹುದ್ದೆ ಬಂದಾಗ, ಕುರ್ಚಿಯಲ್ಲಿ ಕೂತರೆ ಇಂಜಿನ್ ಕೇಳಿಸುವುದಿಲ್ಲ ಎಂದು ಬೇಡವೆಂದರು. ನಿವೃತ್ತಿಯ ಮರುವರ್ಷ ಲಕ್ವಾ ಹೊಡೆಯಿತು. ಬಲಗಾಲು ಎಳೆದುಕೊಂಡಾದರೂ ನಡೆಯಲು ಬಂತು. ಮಾತು ಪೂರ್ತಿ ಬಂತು, ಮೊದಲಿಗಿಂತ ಹೆಚ್ಚಾಗಿಯೇ ಬಂತು ಎನ್ನಬೇಕು. ಬಲಗೈ ಮಾತ್ರ ಬರಲಿಲ್ಲ. ಭುಜದಿಂದ ಸ್ವಲ್ಪ ಏಳುತ್ತದೆ, ಮೊಣಕೈ ಅರ್ಧ ಚಾಚುತ್ತದೆ, ಬೆರಳುಗಳು ಮುಷ್ಟಿ ಕಟ್ಟಿ ಕೂತಿರುತ್ತವೆ. ಕೈ ಒಣಗಿ ತೆಳ್ಳಗಾಗಿದೆ. ಬೆಳಗಾವಿಯ ಹಿಂದವಾಡಿಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರ್ ಬಾಯಿಯವರು ನನ್ನನ್ನು ಹೊರಗೆ ಕರೆದು, ಸಿಟ್ಟು ಬಂದರೆ ಆ ಮುಷ್ಟಿ ಇನ್ನೂ ಬಿಗಿಯುತ್ತದೆ, ಅವರಿಗೆ ಸಿಟ್ಟು ಬರದ ಹಾಗೆ ನೋಡಿಕೊಳ್ಳಿ ಎಂದರು. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಈ ಕೆಲಸ ನನಗೆ ಬಂತು.

ಮನೆಗೆ ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳುತ್ತಿದ್ದರು. "ಇನ್ನ ಆರಾಮ ಇರ್ರಿ." ಬೀಗರು ಹೇಳಿದರು, ಹಾಲಿನವನು ಹೇಳಿದ, ಮೀಟರ್ ನೋಡಲು ಬಂದವನೂ ಹೇಳಿದ. ನಮ್ಮವರು ಆರಾಮವಾಗಿಯೇ ಇದ್ದರು. ಬೆಳಿಗ್ಗೆ ಎದ್ದು ಕಿಟಕಿಯ ಬಳಿ ಕೂಡುವುದು, ಓಣಿಯಲ್ಲಿ ಹೋದ ಗಾಡಿಯ ಸಪ್ಪಳ ಕೇಳಿ ಅದಕ್ಕೇನು ರೋಗವೆಂದು ಹೇಳುವುದು, ಮಧ್ಯಾಹ್ನ ಮಲಗುವುದು. ಗಡ್ಡ ಮಾಡಿಕೊಳ್ಳುವುದನ್ನು ಬಿಟ್ಟರು. ನನಗೆ ಆ ಆರಾಮ ಎಂಬ ಶಬ್ದ ಕಂಡರೇ ಆಗದಂತಾಯಿತು. ಶಾಲೆಯಲ್ಲಿದ್ದಿದ್ದರೆ ಪಠ್ಯದಿಂದಲೇ ತೆಗೆಸಿಬಿಡುತ್ತಿದ್ದೆ.

ಆಗ ಮೈದುನ, "ಅಣ್ಣಾ, ದೋಣಿ ಇಂಜಿನ್ ನೀನ ನೋಡ್ಕೋ" ಎಂದ. ಕನಿಕರದಿಂದ ಎಂದಿರಬಹುದು. ಎಂಥದ್ದರಿಂದ ಅಂದರೂ ನಾನು ಅವನಿಗೆ ಋಣಿ. ನಾವು ಬೆಳಗಾವಿಯ ಖಾಸಬಾಗದ ಮನೆಗೆ ಕೀಲಿ ಹಾಕಿ, ವಾರದಲ್ಲಿ ಬಹಳ ದಿನ ಖಾನಾಪುರದಲ್ಲೇ ಇರತೊಡಗಿದೆವು. ನಮ್ಮವರು ಪ್ಲಾಸ್ಟಿಕ್ ಕುರ್ಚಿ ತರಿಸಿ ದೋಣಿಯಲ್ಲಿ ಇಂಜಿನ್ನಿನ ಮುಚ್ಚಳದ ಮುಂದೆ ಹಾಕಿಸಿಕೊಂಡರು. ಎಡಗೈಯಿಂದ ಎಣ್ಣೆ ನೋಡಿದರು, ಬೆಲ್ಟು ಒತ್ತಿ ನೋಡಿದರು. ಇಂಜಿನ್ ಚಾಲೂ ಆದಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಮಾವಾಸ್ಯೆಗೊಮ್ಮೆ ಡಿಪೋದ ಪದ್ಧತಿಯಂತೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದರು. ಮೊದಲ ವಾರವೇ ಗಡ್ಡ ಹೋಯಿತು. ಎಡಗೈಯಿಂದ ಮಾಡಿಕೊಂಡದ್ದರಿಂದ ಅಲ್ಲಲ್ಲಿ ಉಳಿದಿತ್ತು. ನಾನು ಏನೂ ಅನ್ನಲಿಲ್ಲ.

ಈ ವರ್ಷದ ಮಳೆಗಾಲ ಮುಗಿದು ಫೋಟೋದ ಕಾಲ ಶುರುವಾಗುವ ಹೊತ್ತಿಗೆ ಇಂಜಿನ್ ಕೈಕೊಟ್ಟಿತು. ಕೀಲಿ ತಿರುವಿದರೆ ಟಕ್ ಎನ್ನುತ್ತಿತ್ತು. ಅದರ ಮುಂದೆ ಏನೂ ಇಲ್ಲ. ಬ್ಯಾಟರಿ ಚೆನ್ನಾಗಿತ್ತು. ಕೆಟ್ಟಿದ್ದು ಸೆಲ್ಫ್ ಎಂದು ನಮ್ಮವರು ಕುರ್ಚಿಯಿಂದ ಏಳದೆಯೇ ಹೇಳಿದರು. ಮಲಗಿದ ಇಂಜಿನ್ನನ್ನು ತಿರುವಿ ಎಬ್ಬಿಸುವ ಮೋಟಾರಿಗೆ ನಮ್ಮ ಕಡೆ ಸೆಲ್ಫ್ ಎನ್ನುತ್ತಾರೆ.

"ಗೋವಾದ ಉಪ್ಪನೀರ ತಿಂದ ಸೆಲ್ಫ್ ಅದು. ಒಳಗ ತುಕ್ಕ ಹಿಡದೈತಿ. ಮಾರಿದಾಂವಗ ಗೊತ್ತಿತ್ತ, ಹೇಳಲಿಲ್ಲ," ಎಂದರು. ಆ ಮಾರಿದವನ ವಂಶವನ್ನೂ ಸ್ವಲ್ಪ ವಿಚಾರಿಸಿಕೊಂಡರು.

ಮೈದುನ ರವಿವಾರಕ್ಕೆ ಫೋಟೋಗೆ ಬರುವ ಒಂದು ಜೋಡಿಯನ್ನು ಗೊತ್ತು ಮಾಡಿದ್ದ. ಅವನು ತಲೆ ಕೆರೆದುಕೊಂಡ.

"ಅಣ್ಣಾ, ಬೆಳಗಾವಿಂದ ಒಬ್ಬ ಫಿಟರ್‌ನ ಕರಸ್ತೀನಿ. ಶನಿವಾರ ಬರ್ತಾನ. ಇನ್ನ ಮ್ಯಾಲ ತಿಂಗಳಿಗೊಮ್ಮೆ ಅಂವನ ಬಂದ ನೋಡಲಿ. ನೀ ಯಾಕ ತ್ರಾಸ ಮಾಡ್ಕೋತಿ? ಆರಾಮ ಇರು."

ನಮ್ಮವರು "ಆತು" ಎಂದರು. ಅಷ್ಟೇ ಎಂದರು. ಆಮೇಲೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯದೆ ಸುಮ್ಮನೆ ನೋಡುತ್ತಾ ಕೂತರು. ಮರುದಿನ ಗಡ್ಡ ಮಾಡಿಕೊಳ್ಳಲಿಲ್ಲ. ಮತ್ತೆ ಆ ಕಿಟಕಿ, ಮತ್ತೆ ಆ ಓಣಿಯ ಗಾಡಿಗಳ ಸಪ್ಪಳ. ಆ ಫಿಟರ್ ಬಂದು ಮುಚ್ಚಳ ತೆಗೆದರೆ ನನ್ನ ಗಂಡನನ್ನು ಮತ್ತೆ ಆ ಕಿಟಕಿಯ ಬಳಿ ಕೂಡಿಸಿದಂತೆಯೇ.

"ರೀ, ಸೆಲ್ಫ್ ಬಿಚ್ಚೂದು ಎಷ್ಟ ಕೆಲಸ ಐತಿ?" ಎಂದು ಕೇಳಿದೆ.

"ಬಸ್ಸಿಂದಾದ್ರ ಚಹಾ ಕುಡಿಯೂದರಾಗ ಬಿಚ್ಚತಿದ್ದೆ."

"ಇದರದು?"

"ಇದರಾಗ ಕೈ ಹೋಗೂದಿಲ್ಲ. ಮನಶಾ ಒಳಗ ಹೋಗಬೇಕು. ಮನಶಾ ಹೋಗುವಷ್ಟ ಜಾಗಾ ಇಲ್ಲ."

ನಾನು ನನ್ನನ್ನೇ ನೋಡಿಕೊಂಡೆ. ಶಾಲೆಯಲ್ಲಿ ಕರಿಹಲಗೆಯ ಮೇಲಿನ ಸಾಲು ಬರೆಯಲು ಸ್ಟೂಲು ಹತ್ತುತ್ತಿದ್ದವಳು ನಾನು. ನನ್ನ ಗಿಡ್ಡತನದಿಂದ ಯಾರಿಗಾದರೂ ಉಪಯೋಗವಾಗುವ ಅವಕಾಶ ಅದುವರೆಗೆ ಬಂದಿರಲಿಲ್ಲ.

ಸೀರೆಯಲ್ಲಿ ಆ ಗುಂಡಿಗೆ ಇಳಿಯುವಂತಿರಲಿಲ್ಲ. ನಮ್ಮವರ ಡಿಪೋದ ಖಾಕಿ ಅಂಗಿ, ಪ್ಯಾಂಟು ಹಾಕಿಕೊಂಡೆ. ಪ್ಯಾಂಟಿನ ಕಾಲು ಮಡಚಿ, ಸೊಂಟಕ್ಕೆ ಲಾಡಿ ಕಟ್ಟಿದೆ. ಹಣೆಗೆ ಕುಂಕುಮ, ಕೊರಳಿಗೆ ಲಿಂಗ, ಮೈಗೆ ಖಾಕಿ. ಮೈದುನ ನನ್ನನ್ನು ನೋಡಿ, "ವೈನಿ, ನೀವ್ಯಾಕ್ರಿ ಇದರಾಗ?" ಎಂದ. ಸುಮ್ಮನೆ ನೋಡತೀವಿ ಎಂದೆ. ಅವನು ಅಣ್ಣನ ಮನಸ್ಸಿಗೆ ಸಮಾಧಾನವಾಗಲಿ ಎಂದುಕೊಂಡಿರಬೇಕು, ಸುಮ್ಮನೆ ಹೊಲದ ಕಡೆ ಹೋದ.

ಹಿಂದಿನ ಸೀಟಿನ ಹಲಗೆ ಎತ್ತಿದರೆ ಕೆಳಗೆ ಇಂಜಿನ್ನಿನ ಗುಂಡಿ. ನಡುವೆ ಇಂಜಿನ್, ಸುತ್ತ ಒಂದು ಗೇಣೂ ಬಿಡದೆ ದೋಣಿಯ ಗೋಡೆ. ತಳದಲ್ಲಿ ಕಪ್ಪು ನೀರು. ಸೆಲ್ಫ್ ಇಂಜಿನ್ನಿನ ಪಕ್ಕಕ್ಕೆ, ಮೇಲಿನಿಂದ ನೋಡಿದರೆ ತಾನೇ ಎದುರಿಗೆ ಕಾಣುತ್ತದೆ, ಕೈ ಹಾಕಿದರೆ ಅದರ ಬೋಲ್ಟುಗಳು ಮಾತ್ರ ಸಿಗುವುದಿಲ್ಲ. ಕಟ್ಟಿದವನು ಇದು ಕೆಡುವುದೇ ಇಲ್ಲ ಎಂದು ನಂಬಿದ್ದಿರಬೇಕು. ನಾನು ಗುಂಡಿಯ ಅಂಚಿನ ಹಲಗೆಯ ಮೇಲೆ ಬೋರಲು ಬಿದ್ದು, ತಲೆಯನ್ನೂ ಎರಡೂ ಭುಜಗಳನ್ನೂ ಒಳಗಿಳಿಸಿದೆ. ಕಾಲುಗಳು ಹೊರಗೆ ಉಳಿದವು. ನಮ್ಮವರು ಕುರ್ಚಿಯಲ್ಲಿ ಕೂತು ನನ್ನ ಕಾಲುಗಳಿಗೆ ಸೂಚನೆ ಕೊಡತೊಡಗಿದರು.

"ಮೊದಲ ಬ್ಯಾಟರಿ ವಾಯರ್ ಬಿಚ್ಚು. ಒಬ್ಬಾಂವ ನಮ್ಮ ಡಿಪೋದಾಗ ಬಿಚ್ಚದ ಪಾನಾ ಹಚ್ಚಿದ್ದ, ಅದೊಂದ ದೊಡ್ಡ ಕಥಿ..."

"ಒಂದ ವಾಕ್ಯದಾಗ ಉತ್ತರ ಹೇಳ್ರಿ," ಎಂದೆ ಒಳಗಿನಿಂದ.

ಅವರಿಗೆ ಒಂದು ವಾಕ್ಯದಲ್ಲಿ ಉತ್ತರಿಸುವುದು ಎಂದೂ ಆಗಿಲ್ಲ. ಆದರೂ ವಾಯರ್ ಬಿಚ್ಚಿತು. ಪಾನಾ, ಅಂದರೆ ಸ್ಪ್ಯಾನರ್, ಹಚ್ಚಿದ ಮೇಲೆ ದಪ್ಪ ಕೇಬಲ್ಲಿನ ನಟ್ಟು ಬಿಚ್ಚಿತು. ಸೆಲ್ಫನ್ನು ಇಂಜಿನ್ನಿಗೆ ಹಿಡಿದಿಟ್ಟದ್ದು ಎರಡು ಬೋಲ್ಟು. ಕೆಳಗಿನದು ಹೇಳಿದಂತೆ ಕೇಳಿತು. ಮೇಲಿನದರ ತಲೆ ನನ್ನ ಕಡೆ, ಅದರ ನಟ್ಟು ಇಂಜಿನ್ನಿನ ಆಚೆ ಬದಿಗೆ, ಗೋಡೆಯ ಸಂದಿಯಲ್ಲಿ. ಒಬ್ಬರು ಆಚೆಯಿಂದ ನಟ್ಟು ಹಿಡಿದರೆ ಮಾತ್ರ ಈಚೆಯಿಂದ ಬೋಲ್ಟು ಬಿಚ್ಚಲು ಬರುತ್ತದೆ. ಆದರೆ ಆ ನಟ್ಟು ತುಕ್ಕು ಹಿಡಿದು ತನ್ನ ಜಾಗಕ್ಕೆ ಕಚ್ಚಿಕೊಂಡಿತ್ತು. ಹೀಗಾಗಿ ಯಾರೂ ಹಿಡಿಯದೆಯೇ ಬೋಲ್ಟು ಬಿಚ್ಚಿ ಬಂತು. ತುಕ್ಕಿಗೆ ನಾನು ಮನಸ್ಸಿನಲ್ಲೇ ಶರಣು ಎಂದೆ. ಆ ಕಚ್ಚಿಕೊಂಡ ನಟ್ಟನ್ನು ಉದ್ದ ಕಬ್ಬಿಣದಿಂದ ಹೊಡೆದು ಕೆಡವಿದಾಗ ಅದು ಎರಡು ಚೂರಾಗಿ ಕಪ್ಪು ನೀರಿಗೆ ಬಿತ್ತು. ಮುಂದಿನ ಯೋಚನೆ ನನಗೆ ಬರಲಿಲ್ಲ. ನಮ್ಮವರಿಗೂ ಬರಲಿಲ್ಲ.

ಸೆಲ್ಫನ್ನು ಎದೆಗವಚಿಕೊಂಡು ಮೇಲೆ ಬಂದಾಗ ನನ್ನ ಮುಖ ಕಪ್ಪಾಗಿತ್ತು. ನಮ್ಮವರು ಬಹಳ ಹೊತ್ತು ನೋಡಿದರು.

"ಡಿಪೋದಾಗ ಕೆಲಸಕ್ಕ ಇಟ್ಕೋತಿದ್ರ ನಿನ್ನ," ಎಂದರು. ನನಗೆ ಬಹಳ ಖುಷಿಯಾಯಿತು. ಆದರ್ಶ ಶಿಕ್ಷಕಿ ಎಂದು ಶಾಲು ಹೊದಿಸಿದಾಗಲೂ ಅಷ್ಟು ಆಗಿರಲಿಲ್ಲ.

ಮರುದಿನ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಹೋದೆವು. ಖಾಸಬಾಗದಲ್ಲಿ ನಮ್ಮ ಓಣಿಯ ಹತ್ತಿರವೇ ಸೆಲ್ಫ್, ಡೈನಮೋ ನೋಡುವ ಅಂಗಡಿಯಿದೆ. ಅಂಗಡಿಯವನು ಮರಾಠಿ ಮಾತಾಡುವವನು, ನಮ್ಮವರಿಗೆ ಹಳೆಯ ಪರಿಚಯ. ಆ ದೋಣಿಯ ಇಂಜಿನ್ನೇ ಮಾಲು ಸಾಗಿಸುವ ಟೆಂಪೋಗಳಿಗೂ ಬರುವುದರಿಂದ ಅವನ ಬಳಿ ಸರಿಹೊಂದುವ ಸೆಲ್ಫ್ ಇತ್ತು. ಹಳೆಯದನ್ನು ಸುಮ್ಮನೆ ಬಿಡದೆ ನಮ್ಮವರು, "ಬಿಚ್ಚಿ ನೋಡಪಾ, ಉಪ್ಪನೀರ ಎಷ್ಟ ತಿಂದೈತಿ" ಎಂದರು. ಮಾರಿದವನ ಮೇಲಿನ ಮೊಕದ್ದಮೆಗೆ ಅವರಿಗೆ ಸಾಕ್ಷಿ ಬೇಕಾಗಿತ್ತು.

ಅವನು ಬಿಚ್ಚಿ ಮೇಜಿನ ಮೇಲೆ ಕುಟ್ಟಿದ. ಕಪ್ಪು ಪುಡಿ ಬಿತ್ತು. ಅದರ ಜೊತೆ ಜಿಡ್ಡುಜಿಡ್ಡಾದ, ಕೆಂಪಗಿನ ಒಂದು ಮುದ್ದೆ ಬಿತ್ತು. ಅವನು ಅದನ್ನು ಬೆರಳಿಂದ ಒತ್ತಿದ, ಮೂಸಿದ, ಮತ್ತೊಮ್ಮೆ ಮೂಸಿದ.

"ಅಹೋ, ಹ್ಯಾತ ನಾರಳ ಆಹೆ!" ಎಂದ. ನಮಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದ. "ಇದರಾಗ ತೆಂಗಿನಕಾಯಿ ಐತ್ರಿ."

ನಮಗೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಬಸ್ಸಿಗೆ ಪೂಜೆ ಮಾಡುವಾಗ ಮುಂದಿನ ಗಾಲಿಯ ಬಳಿ ಕಾಯಿ ಒಡೆಯುತ್ತಾರೆ. ದೋಣಿಗೆ ಗಾಲಿ ಇಲ್ಲ. ಅದರ ಮೈ ಫೈಬರಿನದು, ಕಾಯಿ ಕುಕ್ಕಿದರೆ ಬಿರುಕು ಬಿಡುತ್ತದೆ. ಕುರ್ಚಿಯಲ್ಲಿ ಕೂತ ಮನುಷ್ಯನ ಎಡಗೈಗೆ ಎಟಕುವಂತೆ, ಗಟ್ಟಿಯಾಗಿ, ಕಬ್ಬಿಣದ್ದಾಗಿ, ಎದುರಿಗೇ ಇದ್ದದ್ದು ಸೆಲ್ಫ್ ಒಂದೇ. ಪ್ರತಿ ಅಮಾವಾಸ್ಯೆಗೂ ನಮ್ಮವರು ಅದರ ಮೇಲೆಯೇ ಕಾಯಿ ಒಡೆದಿದ್ದರು. ಕಾಯಿಯ ನೀರೂ ತುಣುಕುಗಳೂ ಒಳಗಿಳಿದಿದ್ದವು. ಮೇಲೆ ಭಕ್ತಿಯಿಂದ ಕುಂಕುಮವೂ ಬಿದ್ದಿತ್ತು. ಗೋವಾದವರ ಸಮುದ್ರ ಮಾಡದ ಕೆಲಸವನ್ನು ನಮ್ಮ ಅಮಾವಾಸ್ಯೆಗಳು ಮಾಡಿದ್ದವು.

ಅಂಗಡಿಯವನು ದೊಡ್ಡ ಮನುಷ್ಯ. ಹೇಗೆ ಬಂತು ಎಂದು ಕೇಳಲಿಲ್ಲ. ಮುದ್ದೆಯನ್ನು ಕಾಗದದಲ್ಲಿ ಕಟ್ಟಿ, ದೇವರ ಪದಾರ್ಥವಿರಬಹುದು ಎಂಬ ಅನುಮಾನದಿಂದ ಕಸದ ಬುಟ್ಟಿಗೆ ಹಾಕದೆ ನನ್ನ ಕೈಗೆ ಕೊಟ್ಟ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೊಸ ಸೆಲ್ಫ್ ನಮ್ಮವರ ತೊಡೆಯ ಮೇಲಿತ್ತು. ಚಾಲಕ ಗೇರು ಬದಲಿಸುವಾಗ ಕಿರ್ರೆನ್ನಿಸಿದ. ಯಾವಾಗಲೂ ಅದಕ್ಕೆ ಒಂದು ಟೀಕೆ ಇರುತ್ತಿತ್ತು, ಅವತ್ತು ಇರಲಿಲ್ಲ. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇಂಜಿನ್ ನೋಡಿಕೊಳ್ಳಲು ಇಟ್ಟ ಮನುಷ್ಯನೇ ಇಂಜಿನ್ ಕೆಡಿಸಿದ್ದ. ಇದು ಮೈದುನನಿಗೆ ತಿಳಿದರೆ ಅವನು ಬೈಯುವುದಿಲ್ಲ. ಬೈದರೆ ಚೆನ್ನಾಗಿತ್ತು. ಅವನು ಮೆತ್ತಗೆ, ಆರಾಮ ಇರು ಎನ್ನುತ್ತಾನೆ.

"ಯಾರಿಗೂ ಹೇಳೂದ ಬ್ಯಾಡ," ಎಂದೆ ಅವರ ಕಿವಿಯಲ್ಲಿ. "ಉಪ್ಪನೀರಂತ ಹೇಳೂಣು." ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಿದ ಬಾಯಿಯಿಂದಲೇ ಹೇಳಿದೆ. ನನಗೆ ಒಂದಿಷ್ಟೂ ಕೆಟ್ಟದೆನಿಸಲಿಲ್ಲ. ಅವರು ಸೆಲ್ಫನ್ನು ತೊಡೆಯ ಮೇಲೆ ಸರಿಯಾಗಿ ಕೂಡಿಸಿಕೊಂಡರು.

ಶನಿವಾರ ಬೆಳಿಗ್ಗೆ, ಫಿಟರ್ ಬರುವುದಕ್ಕೆ ಮೊದಲು, ಮತ್ತೆ ಖಾಕಿ ತೊಟ್ಟು ಗುಂಡಿಗಿಳಿದೆ. ಕೆಳಗಿನ ಬೋಲ್ಟು ಕೂತಿತು. ಮೇಲಿನ ಬೋಲ್ಟನ್ನು ತೂರಿಸಿ, ಆಚೆ ಬದಿಗೆ ಕೈ ಬಳಸಿ ಬೆರಳ ತುದಿಯಿಂದ ಹೊಸ ನಟ್ಟನ್ನು ಹೇಗೋ ಒಂದು ಸುತ್ತು ಏರಿಸಿದೆ. ಈಚೆಗೆ ಬಂದು ಪಾನಾ ಹಚ್ಚಿ ತಿರುವಿದೆ. ಬೋಲ್ಟು ತಿರುಗಿತು. ಆಚೆ ನಟ್ಟೂ ಅದರ ಜೊತೆಗೇ ತಿರುಗಿತು. ತೆಗೆಯುವಾಗ ನಟ್ಟನ್ನು ತುಕ್ಕೇ ಹಿಡಿದುಕೊಂಡಿತ್ತು. ಈಗ ಹಿಡಿಯುವವರು ಯಾರೂ ಇರಲಿಲ್ಲ. ನನ್ನ ಒಂದು ಕೈ ಈಚೆ, ಒಂದು ಕೈ ಆಚೆ ಮುಟ್ಟಬೇಕೆಂದರೆ ನಡುವೆ ಇಂಜಿನ್ನೇ ಇರಬಾರದು.

ಮೇಲೆ ಬಂದು ಹೇಳಿದೆ. ನಮ್ಮವರು ಎಡಗೈಯನ್ನು ಆ ಸಂದಿಗೆ ಹಾಕಿ ನೋಡಿದರು. ಅದು ಮೊದಲಿನಿಂದ ದಪ್ಪ ಕೈ, ಎರಡೂ ಕೈಗಳ ಕೆಲಸ ಮಾಡಿ ಇನ್ನೂ ದಪ್ಪವಾಗಿತ್ತು. ಮಣಿಕಟ್ಟಿನಲ್ಲೇ ನಿಂತಿತು. ಹೊಲದ ಕಡೆ ಮೈದುನ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವುದು ಕೇಳುತ್ತಿತ್ತು. ಫಿಟರ್ ಬೆಳಗಾವಿ ಬಿಟ್ಟಿದ್ದ.

ನಾನು ಹಲಗೆಯ ಮೇಲೆ ಕೂತು ಅಳತೊಡಗಿದೆ. ಅಳುವುದು ನನ್ನ ಪದ್ಧತಿಯಲ್ಲ. ಒಂದು ನಟ್ಟಿಗಾಗಿ ಅಳುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

ನಮ್ಮವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ಇದಕ್ಕ ಪಾನಾ ಕೊಡು," ಎಂದರು.

"ಯಾವದಕ್ಕ?"

"ಇದಕ್ಕ. ಇದು ಸಣ್ಣದೈತಿ, ಹೋಗತೈತಿ. ತಿರುವಾಕ ಬರೂದಿಲ್ಲ, ಹಿಡಿಯಾಕ ಬರತೈತಿ. ಹಿಡಿಯೂದೊಂದ ಬರತೈತಿ ಇದಕ್ಕ."

ನಾನು ಅವರ ಬೆರಳುಗಳನ್ನು ಬಿಡಿಸಿ ಹದಿಮೂರು ನಂಬರಿನ ಪಾನಾ ಇಟ್ಟೆ. ಬಿಟ್ಟ ಕೂಡಲೇ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು. ಅವರು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿದರು. ಆ ತೆಳ್ಳನೆಯ ಕೈಯನ್ನು ಮೊಣಕೈ ತನಕ ನಾನೇ ಸಂದಿಗೆ ಇಳಿಸಿ, ಪಾನಾವನ್ನು ನಟ್ಟಿಗೆ ಕೂಡಿಸಿದೆ. ಈಚೆ ಬಂದು ತಲೆಕೆಳಗಾಗಿ ತಿರುವಿದೆ. ನಟ್ಟು ನಿಂತಿತು. ಎರಡು ಸುತ್ತು ಬಿಗಿಯಿತು. ಆಮೇಲೆ ಪಾನಾ ಜಾರತೊಡಗಿತು.

"ಇನ್ನಷ್ಟ ಬಿಗಿ ಹಿಡೀರಿ!"

"ನನ್ನ ಮಾತ ಕೇಳತೈತೇನು ಅದು? ಕೇಳಿದ್ರ ನೀ ಯಾಕ ಒಳಗಿರ್ತಿದ್ದಿ?"

ಡಾಕ್ಟರ್ ಬಾಯಿ ಹೇಳಿದ್ದರ ಉಲ್ಟಾ ಮಾಡುವುದೊಂದೇ ದಾರಿಯಿತ್ತು.

"ಖರೇ ಹೇಳ್ಲ್ಯಾ?" ಎಂದೆ ಗುಂಡಿಯೊಳಗಿನಿಂದ. "ಆ ಫಿಟರ್ ಬರೂದ ಚಲೋ. ನಿಮ್ಮ ಡಿಪೋದಾಗ ನಿಮಗಿಂತ ಶಾಣ್ಯಾರಿದ್ರು. ನೀವು ನೋಡಿದ ಬಸ್ಸ ದಾರ್ಯಾಗ ನಿಂದರತಿದ್ದೂ ಅಂತ ಊರೆಲ್ಲಾ ಅಂತಿತ್ತು."

ಮೇಲಿನಿಂದ ಒಂದು ಸದ್ದು ಬಂತು. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಆಚೆ ಬದಿಯ ಪಾನಾ ಕಲ್ಲಿನಲ್ಲಿ ನೆಟ್ಟಂತೆ ನಿಂತಿತು. ನಾನು ತಿರುವಿದೆ. ಮತ್ತೆ ಸಡಿಲಾಗುವ ಹೊತ್ತಿಗೆ, ಡಿಪೋದಲ್ಲಿ ಅವರಿಗೆ ಆಗದ ಒಬ್ಬ ಮೆಕ್ಯಾನಿಕ್‌ನನ್ನು ಹೊಗಳಿದೆ. ಅದು ಬಹಳ ಉಪಯೋಗಕ್ಕೆ ಬಂತು. ಕೊನೆಯ ಬಿಗಿತಕ್ಕೆ, ನಮ್ಮ ತಂದೆ ನನ್ನನ್ನು ಮಾಸ್ತರಿಗೇ ಕೊಡಬೇಕೆಂದಿದ್ದರು ಎಂದೆ. ಬೋಲ್ಟು ಕಿಟ್ ಎಂದು ಕೂತಿತು. ಆ ಬೋಲ್ಟು ಇನ್ನು ನಮ್ಮ ಕಾಲಕ್ಕಂತೂ ಬಿಚ್ಚುವುದಿಲ್ಲ.

ಮೇಲೆ ಬಂದಾಗ ಅವರ ಮುಖ ಕೆಂಪಗಾಗಿತ್ತು. ಕೈಯನ್ನು ಸಂದಿಯಿಂದ ಹೊರಗೆಳೆದುಕೊಂಡು ಎದ್ದು ಕೂತಿದ್ದರು. ಪಾನಾ ಮುಷ್ಟಿಯಲ್ಲೇ ಇತ್ತು. ಬಿಡಿಸಲು ಹೋದೆ.

"ಅದು ಇರಲಿ. ಮೊದಲ ಚಾಲೂ ಮಾಡು. ಮಾಸ್ತರ ವಿಚಾರ ಆಮ್ಯಾಲ."

ಕೇಬಲ್ ಹಚ್ಚಿದೆ, ಬ್ಯಾಟರಿ ಹಚ್ಚಿದೆ, ಕೀಲಿ ತಿರುವಿದೆ. ಇಂಜಿನ್ ಒಂದು ಸಲ ಗುಟುರು ಹಾಕಿ ಎದ್ದಿತು. ದೋಣಿ ನಡುಗಿತು. ನೀರಿನ ಮೇಲಿದ್ದ ಕೊಕ್ಕರೆಗಳು ಹಾರಿದವು. ನಮ್ಮವರು ಕಣ್ಣು ಮುಚ್ಚಿದರು.

ಸಪ್ಪಳ ಕೇಳಿ ಮೈದುನ ಹೊಲದಿಂದ ಓಡಿ ಬಂದ. ದಂಡೆಯ ಮೇಲೆ ನಿಂತವನ ಕಣ್ಣು ಇಂಜಿನ್ನಿನ ಕಡೆ ಹೋಗಲಿಲ್ಲ. ಅಣ್ಣನ ಬಲಗೈಯಲ್ಲಿ ಪಾನಾ ಇತ್ತು.

"ಅಣ್ಣಾ! ಕೈ ಬಂತ!" ಎಂದು ಕೂಗಿದ.

"ಬಂದಿಲ್ಲ," ಎಂದರು ನಮ್ಮವರು. "ಬಿಡಾಕ ಬರವಲ್ದು, ಅಷ್ಟ."

ಮೈದುನನ ಬಾಯಿ ತೆರೆದೇ ಉಳಿಯಿತು. ನಮ್ಮವರು ಅವನಿಗೆ ಸುಧಾರಿಸಿಕೊಳ್ಳಲು ಬಿಡಲಿಲ್ಲ. "ಇನ್ನೊಂದ ಕೇಳು. ಉಪ್ಪನೀರಲ್ಲ ಏನಲ್ಲ. ಸೆಲ್ಫ್ ಕೆಡಿಸಿದಾಂವ ನಾನ. ಅಮಾಸಿ ಕಾಯಿ ಅದರ ಮ್ಯಾಲ ಒಡೀತಿದ್ದೆ. ನೀರ ಒಳಗ ಹೋಗಿತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಮಾತು ಯಾರ ಕಿವಿಗೂ ಬೀಳಬಾರದೆಂದು ನಾನು ಸುಳ್ಳಿಗೆ ಸಿದ್ಧಳಾಗಿದ್ದೆ, ತಲೆಕೆಳಗಾಗಿ ನೇತಾಡಿದ್ದೆ, ಸತ್ತ ತಂದೆಯನ್ನು ಎಳೆದು ತಂದಿದ್ದೆ. ಇವರು, ಯಾರೂ ಕೇಳದಿದ್ದರೂ, ತಾವೇ ಹೇಳಿ ಮುಗಿಸಿದ್ದರು. ಇನ್ನು ಆ ಶಬ್ದ ಬರುತ್ತದೆ, ಆರಾಮ ಇರು ಎಂಬ ಶಬ್ದ ಬಂದೇ ಬರುತ್ತದೆ ಎಂದು ಮೈದುನನ ಬಾಯಿಯನ್ನೇ ನೋಡಿದೆ.

ಅವನು ಚಪ್ಪಲಿ ಬಿಟ್ಟು ದೋಣಿಗೆ ಇಳಿದ. ಅಣ್ಣನ ಮುಂದೆ ಮೊಣಕಾಲೂರಿ ಕೂತ. ಲಕ್ವಾ ಆದಾಗಿನಿಂದ ಅವನು ಆ ಕೈಯನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಏನು ಕೊಟ್ಟರೂ ಎಡಗೈಗೆ ಕೊಟ್ಟು ಬೇರೆ ಕಡೆ ನೋಡುತ್ತಿದ್ದ. ಈಗ ಅದನ್ನು ಎರಡೂ ಕೈಯಿಂದ ಹಿಡಿದು ಒಂದು ಬೆರಳನ್ನು ಎಳೆದ. ಅದು ಬರಲಿಲ್ಲ.

"ಹಂಗ ಎಳೀಬ್ಯಾಡ," ಎಂದರು ನಮ್ಮವರು. "ಮೊದಲ ಮಣಿಕಟ್ಟ ಒಳಗ ಬಗ್ಗಸು. ಹಾಂ. ಈಗ ಹೆಬ್ಬೆಟ್ಟ. ಸಾವಕಾಶ."

ಅವನು ಹೇಳಿದಂತೆ ಮಾಡಿದ. ಹೆಬ್ಬೆಟ್ಟು ಬಿಟ್ಟಿತು. ತಲೆ ಎತ್ತದೆಯೇ ಅಂದ:

"ಆ ಕಾಯಿ ಪ್ರಸಾದ ನಾನೂ ತಿಂದೇನಲ್ಲೋ ಅಣ್ಣಾ."

ಅವನ ಅಂಗಿಯ ಕಿಸೆಯಲ್ಲಿ ಫೋನ್ ರಿಂಗಾಯಿತು. ಅವನ ಎರಡು ಕೈಯೂ ಖಾಲಿ ಇರಲಿಲ್ಲ. "ವೈನಿ, ತಗೋರಿ" ಎಂದ. ತೆಗೆದು ಕಿವಿಗಿಟ್ಟೆ. ಬೆಳಗಾವಿಯ ಫಿಟರ್. ಖಾನಾಪುರದ ಹತ್ತಿರ ಬಂದಿದ್ದೇನೆ, ಎಲ್ಲಿ ಹೊರಳಬೇಕು ಎಂದು ಕೇಳುತ್ತಿದ್ದ.

"ಏನ ಹೇಳ್ಲಿ?" ಎಂದು ಮೈದುನನನ್ನು ಕೇಳಿದೆ.

ಮೈದುನ ಅಣ್ಣನ ಮುಖ ನೋಡಿದ. "ಅಣ್ಣಾ, ಏನ ಹೇಳೂಣು?"

ನಮ್ಮವರು ಕತ್ತು ಓರೆ ಮಾಡಿ, ಇಂಜಿನ್ನಿನ ಸಪ್ಪಳವನ್ನು ಒಂದಿಷ್ಟು ಹೊತ್ತು ಕೇಳಿದರು.

"ಬರಲಿ," ಎಂದರು. "ಇಷ್ಟ ದೂರ ಬಂದಾನ, ಚಹಾ ಕುಡದ ಹೋಗ್ಲಿ."